ಎಬಿಎಸ್ ಕಾರಿನ ಬ್ರೇಕಿನಿಂದ ಏರ್ ತೆಗೆಯುವುದು: ನನ್ನ ಅನುಭವ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ, ಗಾಡಿ ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಸರಿಯಾಯಿತು ಎಂದರೆ ಲೈನಿಗೆ ಹೊರಗಿನ ಏರ್ ಸೇರಿದೆ ಎಂದು ತಿಳಿಯಬೇಡಿ. ಹೆಚ್ಚಾಗಿ ಅದು ಬ್ರೇಕ್ ಆಯಿಲ್ ಹೀರಿಕೊಂಡ ನೀರಿನ ಕೆಲಸ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ನೀರು ಸೇರಿದ್ದು 155 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು, ಆ ಆವಿಯೇ ಪೆಡಲನ್ನು ಮೆತ್ತಗೆ ಮಾಡುತ್ತದೆ. ಅಂಥ ಗಾಡಿಗೆ ಆಯಿಲನ್ನೇ ಪೂರ್ತಿ ಬದಲಾಯಿಸಬೇಕು. ತಣ್ಣಗಿದ್ದಾಗಲೂ ಪೆಡಲ್ ಸ್ಪಂಜಿನಂತಿದ್ದು, ಎರಡು ಮೂರು ಸಲ ಪಂಪ್ ಮಾಡಿದಾಗ ಮೇಲೆ ಬಂದರೆ ಏರ್ ಇರಬಹುದು. ಆಗಲೂ ಹಿಂದೆ ಡ್ರಮ್ ಬ್ರೇಕ್ ಇದ್ದರೆ ಮೊದಲು ಶೂ (ಡ್ರಮ್ಮಿಗೆ ಒಳಗಿಂದ ಒತ್ತುವ ಪಟ್ಟಿ) ಅಡ್ಜಸ್ಟ್ ನೋಡುತ್ತೇನೆ, ಶೂ ಮತ್ತು ಡ್ರಮ್ ನಡುವಿನ ಗ್ಯಾಪ್ ಹೆಚ್ಚಿದರೂ ಪೆಡಲ್ ಹೀಗೇ ಕೆಳಗೆ ಹೋಗುತ್ತದೆ. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಇಳಿಯುತ್ತಲೇ ಹೋದರೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ, ಇಲ್ಲವೇ ಎಲ್ಲೋ ಲೀಕ್ ಇದೆ.

ಆಯಿಲ್ ಯಾವುದೆಂದು ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುತ್ತದೆ. ಅರ್ಧ ಲೀಟರಿನ ಸೀಲ್ ಇರುವ ಎರಡು ಡಬ್ಬಿ ಇಟ್ಟುಕೊಳ್ಳುತ್ತೇನೆ. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿ ಬೇಗ ತೇವ ಎಳೆಯುತ್ತದೆ, ಉಳಿದದ್ದನ್ನು ಮುಂದಿನ ಗಾಡಿಗೆ ಹಾಕುವುದಿಲ್ಲ. ತೋಟದ ಕೆಸರಲ್ಲಿ ಓಡುವ ಗಾಡಿಯ ನಿಪ್ಪಲ್ (ಪ್ರತಿ ಚಕ್ರದ ಬ್ರೇಕಿನಲ್ಲಿ ಏರ್ ಹೊರಬಿಡಲು ಇರುವ ತೂತಿನ ಸಣ್ಣ ಬೋಲ್ಟ್) ತುಕ್ಕು ಹಿಡಿದಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಹೊಡೆದು, ಬೆಳಿಗ್ಗೆ ಆರು ಮೂಲೆಯ ಸಾಕೆಟ್‌ನಲ್ಲಿ ಸಡಿಲಿಸಿ, ಆಮೇಲೆ ರಿಂಗ್ ಸ್ಪ್ಯಾನರ್ ಹಾಕುತ್ತೇನೆ.

ಏರ್ ತೆಗೆಯುವ ಚಕ್ರಗಳ ಕ್ರಮಕ್ಕೆ ಆ ಗಾಡಿಯ ಮ್ಯಾನುಯಲ್ಲೇ ಪ್ರಮಾಣ. ಅದು ಸಿಗದಿದ್ದರೆ ಉದ್ದ ಪೈಪಿನಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಇಗ್ನಿಷನ್ ಆಫ್. ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಹಾಕಿ, ಇನ್ನೊಂದು ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಲಿ. ಒಳಗೆ ಕೂತವರು ನಿಧಾನಕ್ಕೆ ಒತ್ತಿ "ಹಿಡಿದೆ" ಅಂದ ಮೇಲೆ ನಿಪ್ಪಲನ್ನು ಕಾಲು ಸುತ್ತು ಬಿಚ್ಚುತ್ತೇನೆ. ನಾನು ಮುಚ್ಚಿ "ಬಿಡಿ" ಅನ್ನುವ ತನಕ ಅವರು ಕಾಲು ಎತ್ತಬಾರದು. ಮೊದಲೇ ಎತ್ತಿದರೆ ನಿಪ್ಪಲ್‌ನ ಥ್ರೆಡ್ಡಿನಿಂದಲೇ ಏರ್ ಒಳಗೆ ಹೋಗುತ್ತದೆ. ಹಳೇ ಗಾಡಿಯಾದರೆ ಪೆಡಲ್ ಅಡಿಗೆ ಮರದ ತುಂಡು ಇಡುತ್ತೇನೆ: ನೆಲಕ್ಕೆ ತಾಗುವಷ್ಟು ಒತ್ತಿದರೆ, ಸಿಲಿಂಡರಿನೊಳಗೆ ಎಂದೂ ಓಡದ ತುಕ್ಕು ಜಾಗಕ್ಕೆ ಸೀಲ್ ಹೋಗಿ ಹರಿದುಹೋಗಬಹುದು.

ಐದಾರು ಸಲ ಒತ್ತಿದ ಮೇಲೆ ಆಯಿಲ್ ಟ್ಯಾಂಕ್ ನೋಡಲೇಬೇಕು. ಅದು ಖಾಲಿಯಾದರೆ ಏರ್ ಎಬಿಎಸ್ ಯೂನಿಟ್‌ಗೆ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಭಾಗ) ಹೋಗಿ ಕೂರಬಹುದು. ಯೂನಿಟ್ ಒಳಗಿನ ಔಟ್‌ಲೆಟ್ ವಾಲ್ವ್‌ಗಳು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತವೆ, ಎಬಿಎಸ್ ಕೆಲಸ ಮಾಡುವಾಗ ಮಾತ್ರ ತೆರೆಯುತ್ತವೆ. ಹಾಗಾಗಿ ನಾಲ್ಕೂ ಚಕ್ರದಲ್ಲಿ ಒಂದು ಗುಳ್ಳೆಯೂ ಕಾಣದಿದ್ದರೂ ಪೆಡಲ್ ಗಟ್ಟಿಯಾಗದಿರಬಹುದು. ಇಲ್ಲಿ ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಅದರ ಎಬಿಎಸ್ ಬ್ಲೀಡಿಂಗ್ (ಏರ್ ತೆಗೆಯುವ) ಮೆನು ವಾಲ್ವ್ ತೆರೆದು ಒಳಗಿನ ಪಂಪ್ ಓಡಿಸುತ್ತದೆ. ಬ್ಯಾಟರಿಗೆ ಚಾರ್ಜರ್ ಕೊಟ್ಟಿರಿ, ಪಂಪ್ ತುಂಬಾ ಕರೆಂಟ್ ಎಳೆಯುತ್ತದೆ. ಅದು ಮುಗಿದ ಮೇಲೆ ಮತ್ತೆ ನಾಲ್ಕೂ ಚಕ್ರ ಬ್ಲೀಡ್ ಮಾಡಬೇಕು, ಇಲ್ಲದಿದ್ದರೆ ಹೊರಬಂದ ಏರ್ ಲೈನಿನಲ್ಲೇ ಉಳಿಯುತ್ತದೆ.

ಸ್ಕ್ಯಾನರ್ ಇಲ್ಲದೆ, ಬ್ರೇಕ್ ನಂಬುವಷ್ಟು ಹಿಡಿಯುತ್ತಿದ್ದರೆ ಮಾತ್ರ, ತೋಟದ ಸಮತಟ್ಟಾದ ಖಾಲಿ ಮಣ್ಣು ರಸ್ತೆಯಲ್ಲಿ 30 ಕಿ.ಮೀ. ವೇಗದಿಂದ ಪೆಡಲ್ ಕಾಲಿಗೆ ಗಡಗಡ ಅನ್ನುವ ಹಾಗೆ ಮೂರು ನಾಲ್ಕು ಸಲ ಒತ್ತಿ ಮತ್ತೆ ಬ್ಲೀಡ್ ಮಾಡಬಹುದು. ಘಾಟಿಯಲ್ಲಿ ಇದು ಬೇಡವೇ ಬೇಡ. ಯೂನಿಟ್ಟೇ ಹೊಸದು ಹಾಕಿದ್ದರೆ ಈ ಉಪಾಯ ನೆಚ್ಚಬೇಡಿ.

ಡಿಸ್ಕ್ ಬ್ರೇಕಿನ ಪ್ಯಾಡ್ ಒತ್ತುವ ಕ್ಯಾಲಿಪರ್ ಬಿಚ್ಚಿ ಹಾಕಿದ ಗಾಡಿಯಾದರೆ ನಿಪ್ಪಲ್ ಮೇಲ್ಗಡೆ ಇದೆಯೇ ನೋಡಿ. ಎಡ ಬಲ ಅದಲು ಬದಲಾಗಿ ನಿಪ್ಪಲ್ ಕೆಳಗೆ ಬಂದರೆ ಎಷ್ಟು ಲೀಟರ್ ಸುರಿದರೂ ಏರ್ ಮೇಲೆಯೇ ನಿಲ್ಲುತ್ತದೆ. ಬಣ್ಣದ ಮೇಲೆ ಬಿದ್ದ ಆಯಿಲನ್ನು ತಕ್ಷಣ ನೀರಿನಿಂದ ತೊಳೆಯಿರಿ. ಕೊನೆಗೆ ನಿಪ್ಪಲ್ ಒರೆಸಿ, ಎಂಜಿನ್ ಓಡಿಸಿ ಗಟ್ಟಿಯಾಗಿ ಬ್ರೇಕ್ ಒತ್ತಿಸಿ, ಪಸೆ ಬರುತ್ತದೆಯೇ ಬೆರಳಿನಲ್ಲಿ ಮುಟ್ಟಿ ನೋಡುತ್ತೇನೆ. ರಬ್ಬರ್ ಟೋಪಿ ಹಾಕದೆ ಬಿಟ್ಟರೆ ಕೆಸರು ನಿಪ್ಪಲ್ ತೂತಿಗೆ ತುಂಬಿ, ಮುಂದಿನ ಸಲ ಒಂದು ಹನಿಯೂ ಹೊರಗೆ ಬರುವುದಿಲ್ಲ.