ಬಿಚ್ಚದೆಯೇ ಎಂಜಿನ್ನಿನ ಒಳಗೆ ನೋಡುವುದು: ನನ್ನ ಅನುಭವ

ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಏರ್‌ಬಸ್ ಎ320 ವಿಮಾನಗಳ ಲೈನ್ ಮೆಂಟೆನೆನ್ಸ್, ಅಂದರೆ ಹಾರಾಟಗಳ ನಡುವಿನ ತಪಾಸಣೆ-ರಿಪೇರಿ, ನನ್ನ ಕೆಲಸ. "ಅಷ್ಟೆತ್ತರದ ಎಂಜಿನ್‌ಗೆ ಹೇಗ್ರೀ ಕೈ ಹಾಕ್ತೀರಾ?" ಅಂತ ನೆಂಟರಿಷ್ಟರು ಕೇಳುತ್ತಿರುತ್ತಾರೆ. ಎತ್ತರ ನಮಗೆ ದೊಡ್ಡ ವಿಷಯವೇ ಅಲ್ಲ. ಹಳೆಯ ಡಿಸಿ-10 ವಿಮಾನದಲ್ಲಿ ಒಂದು ಎಂಜಿನ್ ಬಾಲದ ಬುಡದಲ್ಲಿತ್ತು, ಬ್ರಿಟನ್ನಿನ ಕಾಮೆಟ್‌ನಲ್ಲಿ ನಾಲ್ಕನ್ನೂ ರೆಕ್ಕೆಯ ಬುಡದೊಳಗೇ ಹುದುಗಿಸಿದ್ದರು. ಅಲ್ಲಿ ದುಡಿದವರ ಪಾಡು ಬೇರೆ. ಎ320ರ ಎಂಜಿನ್ ರೆಕ್ಕೆಯ ಕೆಳಗೆ ನೇತಾಡುತ್ತದೆ, ನೆಲದಲ್ಲಿ ನಿಂತರೇ ಕೈಗೆ ಸಿಗುತ್ತದೆ. ನಮ್ಮ ಕಷ್ಟ ಶುರುವಾಗುವುದು ಕೌಲ್, ಅಂದರೆ ಎಂಜಿನ್ನಿನ ಹೊರಮುಚ್ಚಳ, ತೆರೆದ ಮೇಲೆ.

ಎ320ಗೆ ಹಾಕುವ ಸಿಎಫ್‌ಎಂ56-5ಬಿ ಎಂಜಿನ್ನಿನ ಒಳಗೆ ಗಾಳಿಯನ್ನು ಒತ್ತುವ ಒಂಬತ್ತು ಹಂತದ ಹೈ ಪ್ರೆಶರ್ ಕಂಪ್ರೆಸರ್, ಅದರ ಹಿಂದೆ ದಹನ ಕೋಣೆ, ಅದರ ಹಿಂದೆ 80 ಬ್ಲೇಡ್‌ಗಳ ಹೈ ಪ್ರೆಶರ್ ಟರ್ಬೈನ್. ಹಕ್ಕಿ ಬಡಿದರೆ, ವೈಬ್ರೇಶನ್ ಹೆಚ್ಚಾದರೆ, ಅಥವಾ ನಿಗದಿತ ತಪಾಸಣೆ ಬಂದರೆ ಇವನ್ನೆಲ್ಲ ನೋಡಬೇಕು. ಅದಕ್ಕೆಂದೇ ಕವಚದಲ್ಲಿ ಬೆರಳು ಹೋಗುವಷ್ಟು ತೂತುಗಳಿರುತ್ತವೆ. ಅವುಗಳ ಪ್ಲಗ್ ತೆಗೆದು ಬೋರೋಸ್ಕೋಪ್ ಕ್ಯಾಮೆರಾ ತೂರಿಸಿದರೆ ಎಂಜಿನ್ ಇಳಿಸದೆಯೇ ಕೆಲಸ ಮುಗಿಯುತ್ತದೆ. ಕಂಪ್ರೆಸರ್‌ನ ತೂತುಗಳಿರುವುದು ಹೆಚ್ಚುಕಡಿಮೆ ಗಡಿಯಾರದ ಐದರ ಜಾಗದಲ್ಲಿ, ಪೈಪು ವೈರುಗಳ ಸಂದಿಯಲ್ಲಿ. ಒಳಗಿನ ಚಕ್ರ ತಿರುಗಿಸಲು ಕ್ರ್ಯಾಂಕ್ ಹಾಕುವ ಜಾಗ ಮುಂದೆ, ಗೇರ್‌ಬಾಕ್ಸಿನಲ್ಲಿ, ಗಡಿಯಾರದ ಆರರ ಕಡೆ. ನೋಡುವವನೊಂದು ಕಡೆ, ತಿರುಗಿಸುವವನೊಂದು ಕಡೆ. ಒಬ್ಬರ ಮುಖ ಒಬ್ಬರಿಗೆ ಕಾಣದು.

ಮೊದಮೊದಲು ನಾವು ಕೂಗಾಡಿಕೊಂಡೇ ಮಾಡುತ್ತಿದ್ದೆವು. "ಸ್ವಲ್ಪ ತಿರುಗ್ಸು ಗುರೂ... ಸಾಕು... ಅಯ್ಯೋ, ಮುಂದೆ ಹೋಯ್ತು, ಹಿಂದಕ್ಕೆ ತಗೋ." ನಿಂತ ವಿಮಾನಕ್ಕೆ ಕರೆಂಟ್ ಕೊಡುವ ಜಿಪಿಯು ಗದ್ದಲದಲ್ಲಿ ಅರ್ಧ ಮಾತು ಕೇಳುವುದೇ ಇಲ್ಲ. ಎಷ್ಟನೇ ಬ್ಲೇಡ್ ಅಂತ ಲೆಕ್ಕ ತಪ್ಪಿದರೆ ಮತ್ತೆ ಮೊದಲಿಂದ. ಮೋಟಾರಿನ ಟರ್ನಿಂಗ್ ಟೂಲ್ ಬಂದ ಮೇಲೆ ಈ ರಗಳೆ ಬಹುಪಾಲು ತಪ್ಪಿತು. ಹಂತಕ್ಕೆಷ್ಟು ಬ್ಲೇಡ್ ಅಂತ ಅದಕ್ಕೆ ಹೇಳಿಟ್ಟರೆ ಒಂದೊಂದರ ಎದುರೂ ನಿಲ್ಲುತ್ತದೆ, ಅದರ ಪೆಡಲ್ ನೋಡುವವನ ಕಾಲ ಬಳಿಯೇ ಇರುತ್ತದೆ. ಆದರೂ ನಾನು ಬಿಡದ ಅಭ್ಯಾಸ ಒಂದಿದೆ: ಶುರು ಮಾಡುವ ಬ್ಲೇಡಿನ ಮೇಲೆ ಗುರುತು ಸಿಗುವಂಥ ಕಲೆ ಇರುವುದನ್ನೇ ಆರಿಸಿ ಫೋಟೊ ತೆಗೆದಿಡುವುದು. ಸುತ್ತು ಮುಗಿದಾಗ ಅದೇ ಕಲೆ ಪರದೆಗೆ ಬರಬೇಕು. ಬಾರದಿದ್ದರೆ ಟೂಲಿನ ಲೆಕ್ಕವನ್ನು ನಂಬುವುದಿಲ್ಲ.

ನನ್ನ ಮಟ್ಟಿಗೆ ಹೆಚ್ಚು ಸಮಯ ಉಳಿಸಿದ್ದು ಕ್ಯಾಮೆರಾ ಅಲ್ಲ, ಒಂದು ಕಾರ್ಡು. ಪ್ರತಿ ತೂತಿಗೂ ಫೋಟೊ ಅಂಟಿಸಿ, ಯಾವ ಸಾಕೆಟ್, ಎಷ್ಟುದ್ದದ ಎಕ್ಸ್‌ಟೆನ್ಶನ್, ಎಡಗೈಯೋ ಬಲಗೈಯೋ, ಯಾವ ಪೈಪಿನ ಮೇಲಿಂದ ತೋಳು ತೂರಿಸಬೇಕು ಅಂತ ಬರೆದೆ. ಮ್ಯಾನ್ಯುಯಲ್‌ನಲ್ಲಿ ಪ್ಲಗ್ ತೆಗೆ ಎಂದಿರುತ್ತದೆ, ಬಿಗಿಯುವ ಟಾರ್ಕ್ ಎಷ್ಟು ಎಂದಿರುತ್ತದೆ. ಮೊಣಕೈ ಎಲ್ಲಿಡಬೇಕು ಅಂತ ಇರುವುದಿಲ್ಲ. ಜೊತೆಗೊಂದು ಟ್ರೇ: ಕಂಪ್ರೆಸರ್‌ನ ಒಂಬತ್ತು ತೂತುಗಳಿಗೆ ಎಸ್1ರಿಂದ ಎಸ್9ರವರೆಗೆ ಗುರುತು ಮಾಡಿದ ಗುಳಿಗಳು. ತೆಗೆದ ಪ್ಲಗ್ ಅದರದೇ ಗುಳಿಗೆ. ವಾಪಸ್ ಹಾಕಲು ಶುರು ಮಾಡುವ ಮುಂಚೆ ಒಂದು ಗುಳಿ ಖಾಲಿ ಕಂಡರೆ ಆ ಪ್ಲಗ್ ಎಲ್ಲಿ ಅಂತ ಗೊತ್ತಾಗುವವರೆಗೆ ಕೌಲ್ ಮುಚ್ಚುವ ಮಾತೇ ಇಲ್ಲ. ಇಷ್ಟಕ್ಕೂ ಕ್ವಾಲಿಟಿಯವರ ಒಪ್ಪಿಗೆ ಬೇಕಾಯಿತು. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ನಡೆಯುವ ಕಡೆ ಸ್ವಂತ ಬುದ್ಧಿಯ ಉಪಕರಣಕ್ಕೂ ನಂಬರ್, ದಾಖಲೆ ಇರಲೇಬೇಕು. ಕಾಗದಪತ್ರಕ್ಕೆ ಟ್ರೇ ಮಾಡಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು, ಆದರೆ ಅದು ಸರಿಯೇ.

ಕಂಪ್ರೆಸರ್‌ನ ಹಿಂಬದಿಯ ಮೂರು ಪ್ಲಗ್‌ಗಳು ಸ್ವಲ್ಪ ಹಟಮಾರಿ. ಅವು ಒಳಕವಚ, ಹೊರಕವಚ ಎರಡನ್ನೂ ಮುಚ್ಚಬೇಕು. ವಾಪಸ್ ಹಾಕುವಾಗ ಒಳಗಿನದು ಕೂತಿತೋ ಇಲ್ಲವೋ ಕಣ್ಣಿಗೆ ಕಾಣದು. ಬೆರಳಲ್ಲೇ ಹಿಡಿದು, ಮೊದಲು ಉಲ್ಟಾ ಒಂದಿಷ್ಟು ತಿರುಗಿಸಿ, 'ಟಕ್' ಅಂತ ಎಳೆ ಬಿದ್ದದ್ದು ಬೆರಳಿಗೆ ತಿಳಿದ ಮೇಲೆ ಬಲಕ್ಕೆ ತಿರುಗಿಸಬೇಕು. ಎಳೆ ತಪ್ಪಿದ್ದರೆ ಎರಡನೇ ಸುತ್ತಿಗೇ ಬಿಗಿಯಾಗುತ್ತದೆ; ಆಗ ಸ್ಪ್ಯಾನರ್ ಹಾಕಬಾರದು. ಹೊಸ ಹುಡುಗರಿಗೆ ಇದನ್ನು ಹಗಲಲ್ಲಿ, ಹಳೆಯ ಕವಚವೊಂದರ ಮೇಲೆ, ಕಣ್ಣು ಮುಚ್ಚಿಸಿ ಮಾಡಿಸುತ್ತೇನೆ. ನಗುತ್ತಾರೆ, ಆಮೇಲೆ ಕೈ ತಾನೇ ಕಲಿಯುತ್ತದೆ.

ಕೌಲ್ ತೆರೆಯುವುದಕ್ಕೂ ಮೊದಲಿನ ಕೆಲಸ ಬೇಸರದ್ದು, ಬಿಡುವಂತಿಲ್ಲ. ರೆಕ್ಕೆಯ ಮುಂದಂಚಿನಿಂದ ಹೊರಬರುವ ಸ್ಲ್ಯಾಟ್ ಒಳಗಿರಬೇಕು, ವಿಮಾನ ಇಳಿದಾಗ ವೇಗ ತಗ್ಗಿಸುವ ಥ್ರಸ್ಟ್ ರಿವರ್ಸರ್ ಲಾಕ್ ಆಗಿರಬೇಕು, ಕಾಕ್‌ಪಿಟ್‌ನಲ್ಲಿ 'ಮುಟ್ಟಬೇಡಿ' ಅನ್ನುವ ಟ್ಯಾಗ್ ತೂಗಬೇಕು. ರಿವರ್ಸರ್ ಕೌಲ್ ತೆರೆದಿದ್ದಾಗ ಯಾರಾದರೂ ಸ್ಲ್ಯಾಟ್ ಬಿಟ್ಟರೆ ಎರಡೂ ಗುದ್ದಿಕೊಳ್ಳುತ್ತವೆ.

ಎಂಜಿನ್ನಿನ ಮುಂದಿನ ಫ್ಯಾನ್ ಸುತ್ತ ಮುಚ್ಚುವ ಫ್ಯಾನ್ ಕೌಲಿನ ಕತೆಯೇ ಬೇರೆ. ಅದರ ಲ್ಯಾಚ್‌ಗಳು, ಅಂದರೆ ಚಿಲಕಗಳು, ಇರುವುದು ಎಂಜಿನ್ನಿನ ಅಡಿಯಲ್ಲಿ. ಹಾಕಲು ಬಗ್ಗಬೇಕು, ಹಾಕಿದೆಯೋ ನೋಡಲು ನೆಲಕ್ಕೇ ಬೀಳಬೇಕು. 2013ರ ಮೇ 24ರಂದು ಲಂಡನ್ನಿನ ಹೀಥ್ರೂದಿಂದ ಹೊರಟ ಎ319ರ ಎರಡೂ ಎಂಜಿನ್ನಿನ ಫ್ಯಾನ್ ಕೌಲ್‌ಗಳು ಟೇಕಾಫ್ ಹೊತ್ತಿಗೇ ಕಿತ್ತುಹೋದವು. ಇಂಧನ ಸೋರಿ ಒಂದು ಎಂಜಿನ್‌ಗೆ ಬೆಂಕಿ ಹತ್ತಿತು. ವಿಮಾನ ಹೇಗೋ ವಾಪಸ್ ಇಳಿಯಿತು. ಹಿಂದಿನ ರಾತ್ರಿ ಕೌಲ್‌ಗೆ ಲ್ಯಾಚ್ ಹಾಕದೆ ಬಿಟ್ಟು ಹೋದ ತಂತ್ರಜ್ಞರು ಮತ್ತೆ ಬಂದಾಗ ಬೇರೊಂದು ವಿಮಾನದ ಬಳಿ ಹೋಗಿದ್ದರು. ಲ್ಯಾಚ್ ಎದೆಯೆತ್ತರದಲ್ಲಿದ್ದಿದ್ದರೆ ಸುತ್ತು ಹೊಡೆಯುವ ಪೈಲಟ್ ಕಣ್ಣಿಗಾದರೂ ಬೀಳುತ್ತಿತ್ತು ಅನ್ನುವುದು ನನ್ನ ಅನಿಸಿಕೆ. ಆಮೇಲೆ ಬಂದ ಬದಲಾವಣೆ ಮಾತ್ರ ಚೆನ್ನಾಗಿದೆ: ಮುಂದಿನ ಲ್ಯಾಚ್‌ಗೆ ಕೆಂಪು ಪಟ್ಟಿ ತೂಗುವ ಕೀಲಿ. ಲ್ಯಾಚ್ ಸರಿಯಾಗಿ ಬೀಳದ ಹೊರತು ಕೀಲಿ ಹೊರಗೆ ಬರುವುದಿಲ್ಲ, ಬಂದ ಕೀಲಿಯನ್ನು ವಿಮಾನದೊಳಗೆ ಅದರ ಜಾಗದಲ್ಲಿಡಬೇಕು. ಲ್ಯಾಚ್ ಇದ್ದಲ್ಲೇ ಇದೆ, ಆದರೆ ಅದರ ಸುದ್ದಿ ಈಗ ದೂರಕ್ಕೇ ಕಾಣುತ್ತದೆ.

2018ರಲ್ಲಿ ರೋಲ್ಸ್-ರಾಯ್ಸ್ ಜಿರಲೆಯಂಥ ಪುಟಾಣಿ ರೋಬೋಗಳನ್ನು ಎಂಜಿನ್ನಿನೊಳಗೆ ಬಿಡುವ ಯೋಚನೆ ತೋರಿಸಿತು. ಬರಲಿ, ಸಂತೋಷ. ನನ್ನನ್ನು ಕೇಳಿದರೆ ವಿನ್ಯಾಸ ಮಾಡುವವರು ಆ ತೂತುಗಳನ್ನು ಪೈಪಿನ ಸಂದಿಯಿಂದ ನಾಲ್ಕು ಬೆರಳು ಈಚೆ ತಂದರೂ ಸಾಕು.

ಈಗ ಸಿಎಫ್‌ಎಂನದೇ ಹೊಸ ಲೀಪ್ ಎಂಜಿನ್‌ಗಳ ಕಾಲ. ಫ್ಯಾನ್ ಬ್ಲೇಡ್ 36 ಇದ್ದದ್ದು 18ಕ್ಕೆ ಇಳಿದಿದೆ, ಅಷ್ಟು ನಿರಾಳ. ಆದರೆ ಕಂಪ್ರೆಸರ್ ಹತ್ತು ಹಂತ, ಹೈ ಪ್ರೆಶರ್ ಟರ್ಬೈನ್ ಒಂದರ ಬದಲು ಎರಡು ಹಂತ. ಒಳಗೆ ನೋಡುವುದು ಹೆಚ್ಚೇ ಆಯಿತು. ಹಳೆಯ ಕಾರ್ಡುಗಳು ಇಲ್ಲಿ ನಡೆಯುವುದಿಲ್ಲ. ಹೊಸದಾಗಿ ಫೋಟೊ ತೆಗೆದು, ತೋಳು ಎಲ್ಲೆಲ್ಲಿ ತೂರುತ್ತದೆ ಅಂತ ಬರೆಯುತ್ತಿದ್ದೇವೆ. ಕ್ವಾಲಿಟಿಯವರ ಸಹಿ ಇನ್ನೂ ಬಾಕಿ.