ಜಿಪ್ ಎಂಜಿನ್ ಎಷ್ಟು ಬೇಕು, ಹೇಗೆ ಸೇರಿಸಬೇಕು

ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಜಿಪ್ (zIIP) ಎಂಜಿನ್, ಅಂದರೆ ಆಯ್ದ ಬಗೆಯ ಕೆಲಸಕ್ಕೆಂದೇ ಇರುವ ಪ್ರೊಸೆಸರ್, 2006ರಿಂದ ಇದೆ. ಅದರ ಮೇಲೆ ಓಡಿದ ಕೆಲಸ ಸಾಫ್ಟ್‌ವೇರ್ ಬಿಲ್ಲಿನ ಎಂಎಸ್‌ಯು (ಬಳಸಿದ ಪ್ರೊಸೆಸರ್ ಸಾಮರ್ಥ್ಯದ ಅಳತೆ) ಲೆಕ್ಕಕ್ಕೆ ಸೇರುವುದಿಲ್ಲ. ಹಾಗಂತ ಎಲ್ಲವನ್ನೂ ಅಲ್ಲಿಗೆ ತಳ್ಳಲಾಗದು. ಜಾವಾ, ಎಕ್ಸ್‌ಎಂಎಲ್ ಪಾರ್ಸಿಂಗ್, ಡಿಆರ್‌ಡಿಎ (ದೂರದಿಂದ ಡೇಟಾಬೇಸ್ ತಲುಪುವ ವಿಧಾನ) ಮೂಲಕ ಡಿಬಿ2 ಡೇಟಾಬೇಸ್‌ಗೆ ಬರುವ ಕೋರಿಕೆಗಳ ದೊಡ್ಡ ಪಾಲು ಹೋಗುತ್ತದೆ. ಮಾಮೂಲಿ ಕೋಬಾಲ್ ಬ್ಯಾಚ್ ಹೋಗದು. ನೇಟಿವ್ ಎಸ್‌ಕ್ಯೂಎಲ್ ಪ್ರೊಸೀಜರ್ (ಡಿಬಿ2 ಒಳಗೇ ಓಡುವ ಎಸ್‌ಕ್ಯೂಎಲ್ ಪ್ರೋಗ್ರಾಂ) ಡಿಆರ್‌ಡಿಎಯಿಂದ ಬಂದರೆ ಅರ್ಹ. ಅದನ್ನೇ ಸಿಐಸಿಎಸ್ (ವಹಿವಾಟು ನಡೆಸುವ ಸಾಫ್ಟ್‌ವೇರ್) ಕರೆದರೆ ಅರ್ಹತೆ ಹೋಯಿತು, ಏಕೆಂದರೆ ಆಗ ಅದು ಕರೆದ ಪ್ರೋಗ್ರಾಂನ ಟಿಸಿಬಿಯಲ್ಲೇ (ಮಾಮೂಲಿ ಟಾಸ್ಕ್‌ನಲ್ಲೇ) ಓಡುತ್ತದೆ.

ಕೊಳ್ಳುವ ಮುಂಚೆ ಅಳೆಯಿರಿ. ಐಇಎಓಪಿಟಿ ಮೆಂಬರ್‌ನಲ್ಲಿ (ಸಿಸ್ಟಮ್ ಸೆಟ್ಟಿಂಗ್‌ಗಳ ಕಡತ) ಪ್ರಾಜೆಕ್ಟ್‌ಸಿಪಿಯು=ಯೆಸ್ ಹಾಕಿ, ಸೆಟ್ ಓಪಿಟಿ ಕಮಾಂಡ್ ಕೊಡಿ; ಐಪಿಎಲ್ (ಸಿಸ್ಟಮ್ ಮರುಚಾಲನೆ) ಬೇಡ. ತಿಂಗಳ ಕೊನೆಯ ಒತ್ತಡವೂ ಸೇರುವಂತೆ ಅಂಕಿ ಕೂಡಿಸಿ. ಆರ್‌ಎಂಎಫ್ ಎಂಬ ಅಳತೆ ಸಾಧನದ ವರ್ಕ್‌ಲೋಡ್ ವರದಿಯ ಐಐಪಿಸಿಪಿ ಅಂಕಣವೇ ಉತ್ತರ: ಜಿಪ್‌ಗೆ ಅರ್ಹವಾಗಿದ್ದರೂ ಸಿಪಿ (ಸಾಮಾನ್ಯ ಪ್ರೊಸೆಸರ್) ಮೇಲೆ ಓಡಿದ ಕೆಲಸ. ಸಿಪಿ ವೇಗ ತಗ್ಗಿಸಿದ ಮಾದರಿಯಾದರೆ ಅಂಕಿಯನ್ನು ಹಾಗೇ ನಂಬಬೇಡಿ. ಜಿಪ್ ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತದೆ. ಸಿಪಿ ಅದರ ಅರ್ಧ ವೇಗದ್ದಾದರೆ 80 ಶೇಕಡಾ ಐಐಪಿಸಿಪಿ ಎಂದರೆ ಜಿಪ್‌ನ ಸುಮಾರು 40 ಶೇಕಡಾ.

ಎಚ್‌ಎಂಸಿಯ (ಯಂತ್ರದ ನಿಯಂತ್ರಣ ಕನ್ಸೋಲ್) ಇಮೇಜ್ ಪ್ರೊಫೈಲ್‌ನಲ್ಲಿ ಜಿಪ್ ಸಂಖ್ಯೆ ಬರೆಯುವಾಗ ರಿಸರ್ವ್ಡ್ ಖಾನೆಯಲ್ಲೂ ಒಂದೆರಡು ಇಡಿ. ಅದು ಸೊನ್ನೆಯಿದ್ದರೆ ಮುಂದೆ ಓಡುತ್ತಿರುವ ಎಲ್‌ಪಾರ್‌ಗೆ (ಯಂತ್ರದ ಪ್ರತ್ಯೇಕ ಪಾಲು) ಎಂಜಿನ್ ಸೇರಿಸಲು ಪರದಾಡಬೇಕಾಗುತ್ತದೆ. ಇಟ್ಟಿದ್ದರೆ ಸಿಎಫ್ ಸಿಪಿಯು ಕಮಾಂಡ್‌ನಿಂದ ಆನ್‌ಲೈನ್ ಮಾಡಿ, ಡಿ ಎಂ=ಸಿಪಿಯು ಕೊಟ್ಟು ನೋಡಿ; ಜಿಪ್‌ನ ಪಕ್ಕ ‘ಐ’ ಅಕ್ಷರ ಇರುತ್ತದೆ.

ಎಡವುವುದು ಇದಾದ ಮೇಲೆ. ಸಿಪಿಯನ್ನು 95 ಶೇಕಡಾ ತುಂಬಿಸಿ ಓಡಿಸುವ ರೂಢಿ ಜಿಪ್‌ಗೆ ಒಗ್ಗುವುದಿಲ್ಲ. ಒಂದೇ ಜಿಪ್ ಇದ್ದಾಗ ಅರ್ಧ ತುಂಬುವ ಮೊದಲೇ ಸಾಲು ಬೆಳೆಯತೊಡಗುತ್ತದೆ. ಐಇಎಓಪಿಟಿಯಲ್ಲಿ ಐಐಪಿಆನರ್‌ಪ್ರಯಾರಿಟಿ=ಯೆಸ್ ಇದ್ದರೆ, ಜಿಪ್ ನೆರವು ಕೇಳಿದಾಗ ಕೆಲಸ ಸಿಪಿಗೆ ಉಕ್ಕುತ್ತದೆ: ಕೆಲಸ ನಿಲ್ಲದು, ಬಿಲ್ ಏರುತ್ತದೆ. ಅದನ್ನು ತಡೆಯಲು ನೋ ಹಾಕುವುದು ಕೆಟ್ಟ ಉಳಿತಾಯ. ಅರ್ಹ ಕೆಲಸ ಜಿಪ್ ಸಾಲಿನಲ್ಲೇ ಕಾಯಬೇಕಾಗುತ್ತದೆ; ಡಿಬಿ2 ಪ್ರಿಫೆಚ್‌ನಂಥ (ಡೇಟಾವನ್ನು ಮುಂಚಿತವಾಗಿ ಓದಿಡುವ) ಆಂತರಿಕ ಕೆಲಸಗಳು ಜಿಪ್ ಅರ್ಹತೆ ಕಳೆದುಕೊಂಡು ಸಿಪಿ ಮೇಲೇ ಓಡುತ್ತವೆ.

ಝಡ್13 ಮಾದರಿಯಿಂದೀಚೆಗೆ ಎಂಟಿ_ಜಿಪ್_ಮೋಡ್=2 ಮಾಡಿ ಪ್ರತಿ ಜಿಪ್‌ನಲ್ಲಿ ಎರಡು ಥ್ರೆಡ್ ಓಡಿಸಬಹುದು. ಅದಕ್ಕೆ ಲೋಡ್ ಮೆಂಬರ್‌ನಲ್ಲಿ (ಐಪಿಎಲ್ ಹೊತ್ತಿಗೆ ಓದುವ ಕಡತ) ಪ್ರಾಕ್‌ವ್ಯೂ ಕೋರ್ ಇರಲೇಬೇಕು, ಇದಕ್ಕೆ ಮಾತ್ರ ಐಪಿಎಲ್ ತಪ್ಪದು. ಸಾಮರ್ಥ್ಯ ಇಮ್ಮಡಿಯಾಗುವುದಿಲ್ಲ, ಒಂದೊಂದು ಥ್ರೆಡ್ ತುಸು ನಿಧಾನವೇ. ಆದರೆ ಸಾಲು ಕರಗುತ್ತದೆ. ಬದಲಾವಣೆಗೆ ಮೊದಲಿನ ಐಐಪಿಸಿಪಿ ಅಂಕಿ ಉಳಿಸಿಕೊಂಡು, ಅದೇ ಗಂಟೆಯ ಹೊಸ ಅಂಕಿಯ ಪಕ್ಕ ಇಟ್ಟು ನೋಡಿ.