ಐನೂರು ರೂಪಾಯಿಯ ಬೆನ್ನು ಹತ್ತಿ: ನನ್ನ ಅನುಭವ

ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದೊಡ್ಡ ಧರಣಿ ಕೂತರೆ ಸಾಕು, 'ತಲೆಗೆ ಐನೂರು ಕೊಟ್ಟು ಕರೆಸಿದ್ದಾರೆ' ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡತೊಡಗುತ್ತದೆ. ಅದು ನಿಜವೇ ಎಂದು ಪರಿಶೀಲಿಸುವುದು ಸುದ್ದಿಮನೆಯಲ್ಲಿ ನಮ್ಮ ಕೆಲಸ. ಹಳೇ ಫೋಟೊ ಆದರೆ ರಿವರ್ಸ್ ಇಮೇಜ್ ಸರ್ಚ್ (ಅದೇ ಚಿತ್ರ ಹಿಂದೆ ಅಂತರ್ಜಾಲದಲ್ಲಿ ಎಲ್ಲಿ ಬಂದಿತ್ತೆಂದು ಹುಡುಕುವುದು) ಹಾಕಿ ಹತ್ತು ನಿಮಿಷದಲ್ಲಿ ಮುಗಿಸುತ್ತೇವೆ. ಹಣದ ಆರೋಪಕ್ಕೆ ಮಾತ್ರ ನಮ್ಮ ಡೆಸ್ಕಿನಲ್ಲಿ ಒಂದೇ ರೂಢಿ: ಸಂಘಟಕರು ಇಲ್ಲ ಅಂದರು, ಎದುರಿನವರು ಹೌದು ಅಂದರು, ಆದ್ದರಿಂದ 'ಪುರಾವೆ ಇಲ್ಲ'. ಓದುಗನಿಗೆ ಇದರಿಂದ ಏನೂ ಸಿಕ್ಕುವುದಿಲ್ಲ. ಕೊಟ್ಟವರನ್ನು ಹುಡುಕುವುದು ಬಿಟ್ಟು ಖರ್ಚನ್ನು ಹಿಡಿಯೋಣ ಎಂದು ನಾನು ಬಹಳ ಕಾಲದಿಂದ ಹೇಳುತ್ತಿದ್ದೆ. ಶಾಮಿಯಾನ, ಮೈಕ್‌ಸೆಟ್, ಬಸ್ಸು, ಊಟ. ಇವನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ, ದುಡ್ಡು ಪಡೆದವನ ಹತ್ತಿರ ಬಿಲ್‌ಬುಕ್ಕೋ ನೋಟುಬುಕ್ಕೋ ಇದ್ದೇ ಇರುತ್ತದೆ. 'ಶಾಮಿಯಾನದವನು ನಿನಗೆ ಲೆಕ್ಕ ತೋರಿಸ್ತಾನಾ?' ಎಂದು ನಕ್ಕವರೇ ಹೆಚ್ಚು. ತೋರಿಸಿದ.

ಅದು ಮಹಿಳಾ ಕಾರ್ಮಿಕರ ಧರಣಿ. ಸಂಘದ ಹೆಸರು ಇಲ್ಲಿ ಬೇಡ. ಇಪ್ಪತ್ತು ಸೆಕೆಂಡಿನ ವಿಡಿಯೊ: ಬಸ್ಸಿನ ಪಕ್ಕ ಸಾಲು ನಿಂತ ಹೆಂಗಸರು, ಕೈಯಲ್ಲಿ ಐನೂರರ ನೋಟು, ಮುಂದೆ ಪುಸ್ತಕ ಹಿಡಿದ ಒಬ್ಬಾಕೆ. 'ಬಾಡಿಗೆ ಜನಕ್ಕೆ ಬಟವಾಡೆ' ಎಂಬ ಒಕ್ಕಣೆ. ವಿಡಿಯೊ ಹೊಸದಾದ್ದರಿಂದ ರಿವರ್ಸ್ ಸರ್ಚಿನಲ್ಲಿ ಏನೂ ಬರಲಿಲ್ಲ. ಯಾರು ಮೊದಲು ಹಾಕಿದರು ಎಂದು ಹೇಳುವ ಒಂದು ತಂತ್ರಾಂಶಕ್ಕೆ ನಾಲ್ಕು ಸಾವಿರದಷ್ಟು ಕಟ್ಟಿದೆ, ವಾಟ್ಸಾಪಿನ ಒಳಗೆ ಅದಕ್ಕೆ ಕಣ್ಣೇ ಇಲ್ಲ, ದುಡ್ಡು ಹೋಯಿತು. ಧರಣಿಯ ಅನುಮತಿಗೆ ಸಂಘಟಕರು ಪೊಲೀಸರಿಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿ ಆರ್‌ಟಿಐ ಹಾಕಿದೆ. ಹತ್ತು ರೂಪಾಯಿಯ ಅರ್ಜಿ, ನಮ್ಮ ರಾಜ್ಯದ ನಿಯಮದಂತೆ 150 ಪದದೊಳಗೆ, ಒಂದೇ ವಿಷಯ. ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಸುಳ್ಳು ನಾಲ್ಕು ಜಿಲ್ಲೆ ದಾಟಿರುತ್ತದೆ. ಆದರೂ ಹಾಕಿ, ಬಿಡಬೇಡಿ. 2021ರ ಆದೇಶದ ನಂತರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕೇ ಜಾಗ, ಅನುಮತಿಯೂ ಬೇಕು. 'ಸಂಘಟಕರು ಯಾರು' ಎಂಬುದಕ್ಕೆ ಸಹಿ ಇರುವ ಕಾಗದ ಅದೊಂದೇ.

ದಾರಿ ತೆರೆದದ್ದು ಬಸ್ಸು. ವಿಡಿಯೊದ ಮೂಲೆಯಲ್ಲಿ ಕೆಎ 27 ಕಾಣುತ್ತಿತ್ತು, ಅಂದರೆ ಹಾವೇರಿ. ಖರ್ಚು ಕೊಡಲು ಸಂಪಾದಕರು ಒಪ್ಪಲಿಲ್ಲ, ಸ್ವಂತ ದುಡ್ಡಿನಲ್ಲಿ ಹೋದೆ. ಬಸ್ಸಿನ ಮಾಲೀಕರು ಬಾಡಿಗೆ ಪುಸ್ತಕ ತೆಗೆದರು: ಹೋಗಿ ಬರಲು ಇಪ್ಪತ್ತೇಳು ಸಾವಿರದ ಆಸುಪಾಸು, ಮುಂಗಡ ಐದು ಸಾವಿರ. ಐವತ್ತು ಸೀಟಿಗೆ ಹಂಚಿ ನೋಡಿ, ತಲೆಗೆ ಐನೂರು ಚಿಲ್ಲರೆ! ಆ ಐನೂರು ಎಲ್ಲಿಂದ ಬಂತು ಎಂದು ನನಗೆ ಅಲ್ಲೇ ಗೊತ್ತಾಯಿತು. ವಿಡಿಯೊದಲ್ಲಿದ್ದ ಊರು ಹುಡುಕಿಕೊಂಡು ಹೋದಾಗ ಒಬ್ಬ ಅಕ್ಕ ಬಾಗಿಲಲ್ಲೇ ಹೇಳಿದರು: 'ರೊಕ್ಕ ನಾವ ಕೊಟ್ಟ ಹೋಗೀವಿ ತಮ್ಮಾ, ನಮಗ್ಯಾರ ಕೊಡ್ತಾರ?' ಮಾತು ಸಾಕ್ಷಿಯಾಗದು ಎಂದು ಮೂಲ ವಿಡಿಯೊ ಕೇಳಿದೆ. ಅವರ ಗುಂಪಿನಲ್ಲೇ ಎರಡು ನಿಮಿಷದ್ದು ಇತ್ತು. ನೋಟು ಸಾಲಿನ ಹೆಂಗಸರ ಕೈಯಿಂದ ಪುಸ್ತಕದಾಕೆಯ ಕೈಗೆ ಹೋಗುತ್ತದೆ, ಆಕೆ ರಸೀದಿ ಹರಿದು ಕೊಡುತ್ತಾಳೆ. ರಸೀದಿ ಹರಿಯುವ ಭಾಗವನ್ನೇ ಯಾರೋ ಕತ್ತರಿಸಿದ್ದರು. ರಸೀದಿಗಳ ಕ್ರಮಸಂಖ್ಯೆಯೂ ಸಂಘದ ಪುಸ್ತಕಕ್ಕೆ ಹೊಂದಿತು. ಶಾಮಿಯಾನದ ಬಿಲ್ಲು, ಅನ್ನ ಸಾಂಬಾರಿನ ದಿನಸಿ ಲೆಕ್ಕ ಸೇರಿಸಿದರೆ ಸಂಘ ಎತ್ತಿದ ಹಣಕ್ಕೂ ಖರ್ಚಿಗೂ ಹತ್ತು ಸಾವಿರದಷ್ಟು ವ್ಯತ್ಯಾಸ. ಅದಕ್ಕೂ ದಾನಿಗಳ ಪಟ್ಟಿ ಸಿಕ್ಕಿತು.

ಶಾಮಿಯಾನದವರು ಬಿಲ್‌ಬುಕ್ ತೆಗೆಯುವಂತೆ ಮಾಡುವ ಮಾತು ಯಾವುದು ಎಂದು ಗೆಳೆಯರು ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ. ಸುಳ್ಳು ಹೇಳುವುದಿಲ್ಲ, ದುಡ್ಡು ಕೊಡುವುದಿಲ್ಲ ಎಂಬಷ್ಟು ಸಾಕು.

ಇದು ನಾನೇ ಹುಟ್ಟಿಸಿದ ವಿದ್ಯೆಯಲ್ಲ. 2020ರಲ್ಲಿ ದೆಹಲಿಯ ಶಾಹೀನ್ ಬಾಗಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಧರಣಿ ಕೂತ ಹೆಂಗಸರಿಗೆ ಪಾಳಿಗೆ 500ರಿಂದ 700 ರೂಪಾಯಿ ಎಂಬ ವಿಡಿಯೊ ಬಂದಾಗ ಸುದ್ದಿ ಜಾಲತಾಣಗಳಾದ ಆಲ್ಟ್ ನ್ಯೂಸ್ ಮತ್ತು ನ್ಯೂಸ್‌ಲಾಂಡ್ರಿಯವರು ಚೌಕಟ್ಟಿನಲ್ಲಿ ಕಂಡ ಫೋನ್ ನಂಬರಿನ ಜಾಡು ಹಿಡಿದು, ಸುಮಾರು 8 ಕಿ.ಮೀ. ಆಚೆ ಪುಲ್ ಪ್ರಹ್ಲಾದ್‌ಪುರದ ಅಂಗಡಿಗೇ ಹೋಗಿದ್ದರು. ಎದ್ದು ಹೋದದ್ದರಿಂದ ವಿಡಿಯೊ ತೆಗೆದ ಜಾಗ ಸಿಕ್ಕಿತು.

'ವಿದೇಶಿ ಹಣ' ಎಂಬುದು ಇನ್ನೊಂದು ಆರೋಪ. ದೆಹಲಿ ಗಡಿಯ ರೈತ ಹೋರಾಟದ ಕಾಲಕ್ಕೆ ಕೆನಡಾ, ಇಂಗ್ಲೆಂಡಿನಿಂದ ಬಂದ ಪ್ರತಿ ರೂಪಾಯಿಯೂ ಪಿತೂರಿ ಎಂಬಂತೆ ಬರೆದರು. ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಲ್ಲಿ ವಿದೇಶಿಯರ ದೇಣಿಗೆಗೆ ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದರೆ ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಕೆನಡಾ ಪೌರತ್ವ ಪಡೆದವ ಕಳಿಸಿದರೆ ಹೌದು. ಹಾಗಾಗಿ ಮೊದಲು ಕೇಳಬೇಕಾದದ್ದು ಕಳಿಸಿದವನ ಪೌರತ್ವ, ಇರುವ ದೇಶ ಆಮೇಲೆ. ಕಾರ್ಮಿಕ ಸಂಘವಾದರೆ ಇನ್ನೂ ಸುಲಭ: ನೋಂದಾಯಿತ ಸಂಘ ವರ್ಷವರ್ಷ ರಿಜಿಸ್ಟ್ರಾರರಿಗೆ ಲೆಕ್ಕ ಒಪ್ಪಿಸಬೇಕು. ನಮ್ಮವರು ಅದನ್ನು ಕೇಳುವುದೇ ಇಲ್ಲ.

ನಡುವೆ ಕೆಲವು ಪ್ರಯೋಗ ಮಾಡಿದೆ. ಧರಣಿಯಲ್ಲಿ ಅಂಟಿಸಿದ ದೇಣಿಗೆಯ ಕ್ಯೂಆರ್ ಕೋಡಿಗೆ ಒಂದು ರೂಪಾಯಿ ಹಾಕಿದರೆ ಖಾತೆ ಯಾರ ಹೆಸರಿನಲ್ಲಿದೆ ಎಂದು ಪರದೆಯಲ್ಲೇ ಬರುತ್ತದೆ. ಸಂಘದ ಹೆಸರಿನ ಬದಲು ವ್ಯಕ್ತಿಯ ಹೆಸರು ಬಂದರೆ ಅಲ್ಲಿಂದ ಕೆದಕಿ. ಊಟದ ತಟ್ಟೆ ಎಣಿಸಿ ಜನಸಂಖ್ಯೆ ಹಿಡಿಯಲು ನೋಡಿದ್ದು ಕೈಗೂಡಲಿಲ್ಲ, ಪಕ್ಕದ ಕಾಲೇಜಿನ ಹುಡುಗರೂ ಉಂಡು ಹೋಗುತ್ತಾರೆ.

ಇದೇ ದಾರಿಯಲ್ಲಿ ಆರೋಪ ನಿಜ ಎಂದು ಸಾಬೀತಾದದ್ದೂ ಇದೆ. ಒಂದು ಪಕ್ಷದ 'ಸ್ವಯಂಪ್ರೇರಿತ' ಪ್ರತಿಭಟನೆಗೆ ಗಾರೆ ಕೆಲಸದ ಮೇಸ್ತ್ರಿಯೊಬ್ಬ ಜನ ಕರೆತಂದಿದ್ದ. ಆತನ ಹಾಜರಿ ಪುಸ್ತಕದಲ್ಲಿ ಆ ದಿನಕ್ಕೂ ದಿನಗೂಲಿ ಬರೆದಿತ್ತು, ಹೆಂಗಸರಿಗೆ ನೂರು ರೂಪಾಯಿ ಕಡಿಮೆ. ಅದನ್ನೂ ಅಷ್ಟೇ ಗಟ್ಟಿಯಾಗಿ ಬರೆದೆ. ಬಸ್ಸು, ಊಟ ಕೊಡುವುದು ಸಂಘಟನೆ, ಬಂದದ್ದಕ್ಕೆ ಕೂಲಿ ಕೊಡುವುದು ಬಾಡಿಗೆ. ಈ ಗೆರೆಯನ್ನು ಎರಡೂ ಕಡೆಯವರಿಗೆ ಒಂದೇ ಸಮ ಎಳೆಯಬೇಕು.

ಹಾವೇರಿಯ ಕೆಲಸಕ್ಕೆ ತಂತ್ರಾಂಶದ ದಂಡವೂ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ವರದಿ ಬಂದ ಮೇಲೆ ಸಂಪಾದಕರು ಬಸ್ ಚಾರ್ಜು ಕೊಟ್ಟರು. ಈಗ ಹಣದ ಆರೋಪ ಬಂದರೆ ನಮ್ಮಲ್ಲಿ ಮೊದಲು ಹೋಗುವ ಫೋನು ಶಾಮಿಯಾನದವರಿಗೆ.